ವಿಲೀನದ ನಂತರ ಶಾಖೆಯೊಳಗೆ: ಮಾಡಬೇಕಾದ್ದು, ಮಾಡಬಾರದ್ದು

ಅರಸೀಕೆರೆ ತಾಲ್ಲೂಕಿನ ಗ್ರಾಮೀಣ ಬ್ಯಾಂಕ್ ಶಾಖೆಗಳ ಮ್ಯಾನೇಜರುಗಳಿಗೆ, ಸಿಬ್ಬಂದಿ ಮಿತ್ರರಿಗೆ

ನಮ್ಮ ಸೀಮೆಯ ಗ್ರಾಮೀಣ ಬ್ಯಾಂಕಿನ ಹಳೆಯ ಗುಮಾಸ್ತರು ಒಂದೇ ನೌಕರಿಯಲ್ಲಿ ಹಲವು ಬೋರ್ಡು ಕಂಡವರು. ಕಾವೇರಿ ಗ್ರಾಮೀಣ ಬ್ಯಾಂಕು ಮೊದಲು ಕಾವೇರಿ ಕಲ್ಪತರು ಆಯಿತು. 2012ರಲ್ಲಿ ಚಿಕ್ಕಮಗಳೂರು–ಕೊಡಗು ಮತ್ತು ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕುಗಳನ್ನು ಕೂಡಿಕೊಂಡು ಮತ್ತೆ ಕಾವೇರಿ ಎನಿಸಿತು. 2019ರ ಏಪ್ರಿಲ್ 1ರಂದು ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಿನ ಜತೆ ಸೇರಿತು. ಮೈಸೂರಿನಲ್ಲಿದ್ದ ಪ್ರಧಾನ ಕಚೇರಿ ಬಳ್ಳಾರಿಯ ಪಾಲಾಯಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಬಂದು ಸೇರಿ, ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಉಳಿಯಿತು. ಅವತ್ತೇ ದೇಶದ 43 ಗ್ರಾಮೀಣ ಬ್ಯಾಂಕುಗಳು 28ಕ್ಕೆ ಇಳಿದವು.

ಬೋರ್ಡು ಒಂದು ರಾತ್ರಿಯಲ್ಲಿ ಬದಲಾಗುತ್ತದೆ. ಒಳಗಿರುವವರ ಮನಸ್ಸು ಕೂಡಲು ದಿನ ಹಿಡಿಯುತ್ತದೆ, ದುಡಿಮೆಯೂ ಬೇಕು. ಆ ದುಡಿಮೆ ಹೇಗಿರಬೇಕೆಂಬುದಕ್ಕೆ ಈ ಸೂಚನೆ.

ಮಾಡಬೇಕಾದ್ದು

1. ಮೊದಲ ವಾರದಲ್ಲೇ ಎಲ್ಲರನ್ನೂ ಕೂರಿಸಿ ಮಾತಾಡಿ. ಅಟೆಂಡರ್, ಕಸ ಗುಡಿಸುವವರು, ಕಾವಲಿನವರು ಯಾರನ್ನೂ ಹೊರಗಿಡಬೇಡಿ. ಸಂಬಳ, ಸೀನಿಯಾರಿಟಿ, ಪಿಂಚಣಿಯ ಬಗ್ಗೆ ಬಂದ ಸುತ್ತೋಲೆಯನ್ನು ಕನ್ನಡದಲ್ಲಿ ಓದಿ ಹೇಳಿ. ವಿಲೀನವಾದ ಬ್ಯಾಂಕಿನ ನೌಕರರು ಅದೇ ಸಂಬಳ, ಅದೇ ಸೇವಾ ಷರತ್ತುಗಳ ಮೇಲೆ ಮುಂದುವರಿಯಲು 1976ರ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಕಾಯ್ದೆಯಲ್ಲೇ ದಾರಿಯಿದೆ ಎಂಬುದನ್ನು ತಿಳಿಸಿ. ಆದೇಶ ಬಾರದ ವಿಷಯಕ್ಕೆ "ಇನ್ನೂ ಬಂದಿಲ್ಲ" ಎಂದು ನೇರವಾಗಿ ಹೇಳಿ. ಮ್ಯಾನೇಜರು ಬಾಯಿ ಬಿಡದ ಕಡೆ ಗಾಳಿಮಾತು ಆಳುತ್ತದೆ.

2. ಊರು ಬಲ್ಲವರ ಮಾತು ಕೇಳಿ. ನಮ್ಮಲ್ಲಿ ರೈತರು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಉಂಡೆ ಕೊಬ್ಬರಿ ಮಾಡಿ ಮಾರುತ್ತಾರೆ. ಕೈಗೆ ದುಡ್ಡು ಬರುವುದು ಆಮೇಲೆ. ಬೇರೆ ಜಿಲ್ಲೆಯಿಂದ ಬಂದ ಅಧಿಕಾರಿಗೆ ಇದು ಕಂಪ್ಯೂಟರಿನಲ್ಲಿ ಕಾಣದು. ಇಪ್ಪತ್ತು ವರ್ಷ ಇದೇ ಕೌಂಟರಿನಲ್ಲಿ ಕೂತವರಿಗೆ ಗೊತ್ತು. ಬಾಣಾವರದ ಯಾವ ಮನೆಯವರು ತಡವಾದರೂ ಕಟ್ಟುತ್ತಾರೆ, ಜಾವಗಲ್ ಕಡೆಯ ಯಾವ ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ ಎಂಬುದು ಅವರ ನೆನಪಿನಲ್ಲಿದೆ. ವಸೂಲಿಗೆ ಹೊರಡುವ ಮುಂಚೆ ಅವರನ್ನು ಕೇಳಿ. ಅವರ ಮಾತಿನಿಂದ ಕೆಲಸ ಕೈಗೂಡಿದರೆ ಎಲ್ಲರೆದುರು ಹೇಳಿ.

3. ಹೊಸ ತಂತ್ರಾಂಶವನ್ನು ಪಕ್ಕದಲ್ಲಿ ಕೂತು ಕಲಿಸಿ. ಸಾಲು ನಿಂತಾಗ ಬೇಡ. ಕೌಂಟರ್ ತೆರೆಯುವ ಮುಂಚೆ ಅರ್ಧ ಗಂಟೆ ಮೀಸಲಿಡಿ. ನಿವೃತ್ತಿಗೆ ಎರಡು ವರ್ಷ ಉಳಿದವರಿಗೂ ಅಷ್ಟೇ ತಾಳ್ಮೆ ಸಲ್ಲಬೇಕು.

4. ಗ್ರಾಹಕರು ಕೂಗಾಡಿದಾಗ ಮ್ಯಾನೇಜರೇ ಮುಂದೆ ಬನ್ನಿ. ಪಾಸ್‌ಬುಕ್, ಚೆಕ್‌ಬುಕ್, ಐಎಫ್‌ಎಸ್‌ಸಿ ಕೋಡ್ ಬದಲಾದರೆ ಅದು ಕ್ಯಾಷಿಯರ್ ಮಾಡಿದ ತಪ್ಪಲ್ಲ. ಏನು ಬದಲಾಗಿದೆ, ಯಾವ ದಿನದಿಂದ ಎಂಬುದನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬಾಗಿಲಿಗೇ ಅಂಟಿಸಿ.

5. ವರ್ಗಾವಣೆಯ ಸುದ್ದಿಯನ್ನು ಸಾಧ್ಯವಾದಷ್ಟು ಮೊದಲೇ ತಿಳಿಸಿ. ಮಕ್ಕಳ ಶಾಲೆ, ಮನೆಯಲ್ಲಿರುವ ಮುಪ್ಪಿನ ತಂದೆತಾಯಿ ಇವೆಲ್ಲ ನಿಜವಾದ ಕಷ್ಟಗಳು. ಅರ್ಜಿ ಕೊಟ್ಟರೆ ಮೇಲಿನ ಕಚೇರಿಗೆ ಅದೇ ದಿನ ಕಳಿಸಿ.

ಮಾಡಬಾರದ್ದು

1. "ನಮ್ಮ ಬ್ಯಾಂಕಿನವರು", "ಅವರ ಬ್ಯಾಂಕಿನವರು" ಎನ್ನಬಾರದು. ಊಟದ ಹೊತ್ತಿನಲ್ಲೂ ಬೇಡ. ಎರಡು ಪಂಗಡವಾಗಿ ಡಬ್ಬಿ ಬಿಚ್ಚುವ ಶಾಖೆಯಲ್ಲಿ ಎರಡು ಪಂಗಡವಾಗಿಯೇ ಕೆಲಸ ನಡೆಯುತ್ತದೆ.

2. ಸಹೋದ್ಯೋಗಿಯ ಕನ್ನಡವನ್ನು ಆಡಿಕೊಳ್ಳಬಾರದು. ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು "ಹೌದ್ರಿ" ಎಂದರೆ ಅಣಕಿಸಬೇಡಿ. ಆ ಕಡೆ ಹೋದ ನಮ್ಮವರನ್ನೂ ಅಲ್ಲಿನವರು ಹೀಗೆಯೇ ನಗೆಗೀಡು ಮಾಡಿದರೆ ಹೇಗಿರುತ್ತದೆ, ಯೋಚಿಸಿ.

3. ಪಾಸ್‌ವರ್ಡ್ ಯಾರಿಗೂ ಕೊಡಬಾರದು, ಯಾರದ್ದನ್ನೂ ಕೇಳಬಾರದು. "ನನಗೆ ಬರಲ್ಲ, ನೀನೇ ಮಾಡಪ್ಪಾ" ಎಂದು ಐಡಿ ಒಪ್ಪಿಸಿದವರ ಕೊರಳಿಗೇ ನಾಳೆ ವಿಚಾರಣೆ ಸುತ್ತಿಕೊಳ್ಳುತ್ತದೆ. ಬಾರದಿದ್ದರೆ ಬಾರದು ಎನ್ನಿ. ಹಾಗೆಂದವರನ್ನು ಬೈಯಬೇಡಿ.

4. ಹಳೆಯ ಬ್ಯಾಂಕಿನ ನೆನಪುಗಳನ್ನು ಗುಜರಿಗೆ ಹಾಕಬಾರದು. ಶಾಖೆ ತೆರೆದ ದಿನದ ಫೋಟೊ, ಹಳೆಯ ಫಲಕ, ನಿವೃತ್ತರ ಚಿತ್ರಗಳನ್ನು ಒಂದು ಗೋಡೆಯಲ್ಲಿ ಉಳಿಸಿ. ದುಡಿದವರ ಎದುರಿಗೇ ಅವರ ದುಡಿಮೆಯ ಗುರುತನ್ನು ಕಿತ್ತು ಹೊರಗೆಸೆಯುವುದು ಅವಮಾನ.

5. ಸಭೆಯಲ್ಲಿ ಹಳೆಯ ಬ್ಯಾಂಕಿನ ಹೆಸರೆತ್ತಿ ಹೀಗಳೆಯಬಾರದು. ಠೇವಣಿ ಕಡಿಮೆಯಾಗಿದ್ದರೆ ಕಾರಣ ಕೇಳಿ, "ನಿಮ್ಮ ಬ್ಯಾಂಕಿನ ಅಭ್ಯಾಸವೇ ಹೀಗೆ" ಎನ್ನಬೇಡಿ.

6. ಒಳಗಿನ ಬೇಸರವನ್ನು ಕೌಂಟರಿನಾಚೆ ತೀರಿಸಬಾರದು. ಕಣಕಟ್ಟೆಯಿಂದ ಬಸ್ ಹಿಡಿದು ಬಂದ ರೈತನಿಗೆ ನಮ್ಮ ಸೀನಿಯಾರಿಟಿ ಪಟ್ಟಿಯ ಹಂಗಿಲ್ಲ.

ಕಡೆಯದಾಗಿ ಒಂದು ಮಾತು. ಪಿಂಚಣಿಗೆ ಬರುವ ಅಜ್ಜಿಯರು ಈಗಲೂ "ಕಾವೇರಿ ಬ್ಯಾಂಕು" ಎಂದೇ ಕೇಳಿಕೊಂಡು ಬರುತ್ತಾರೆ. ಅವರನ್ನು ತಿದ್ದಬೇಡಿ. "ಇದೇ ಅಜ್ಜಿ, ಬನ್ನಿ" ಎಂದು ಕೂರಿಸಿ, ಚೀಟಿ ತುಂಬಿಕೊಡಿ. ಎಲ್ಲಿಂದ ಬಂದ ಸಿಬ್ಬಂದಿಯಾದರೂ ಆ ಮಾತನ್ನು ಒಂದೇ ದನಿಯಲ್ಲಿ ಹೇಳುವಂತಾದ ದಿನ ವಿಲೀನ ಮುಗಿಯಿತೆಂದು ತಿಳಿಯಿರಿ.