ಹಾಲು ಬಿಡಿಸಿದ ಹಂದಿಮರಿಗೆ ಯಾವ ಪುಡಿ ಬೇಕು, ಯಾವುದು ಬೇಡ

ಹಂದಿಮರಿಗಳಿಗೆ ಅಪಾಯದ ಕಾಲ ಎರಡು: ಹುಟ್ಟಿದ ಮೊದಲ ವಾರ ಮತ್ತು ಹಾಲು ಬಿಡಿಸಿದ ನಂತರದ ಎರಡು ವಾರ. ಬೇಧಿ ಕಂಡೊಡನೆ ಅಂಗಡಿಯಿಂದ ಯಾವುದಾದರೊಂದು ಪುಡಿ ತಂದು ಮೇವಿಗೆ ಬೆರೆಸುವವರು ನಮ್ಮಲ್ಲಿದ್ದಾರೆ. ಹಣವೂ ಹೋಗುತ್ತದೆ, ಕೆಲವೊಮ್ಮೆ ಮರಿಯೂ ಹೋಗುತ್ತದೆ. ಆದುದರಿಂದ ಯಾವ ಪುಡಿ ಏನು ಮಾಡುತ್ತದೆಂದು ತಿಳಿದುಕೊಳ್ಳೋಣ.

ಮೊದಲು ತಾಯಿ. ಹಾಲೂಡುವ ಹಂದಿಗೆ ತನ್ನ ಪಾಲಿನ ಸುಮಾರು 2 ಕಿಲೋ ಮೇವಿನ ಜೊತೆಗೆ ಪ್ರತಿ ಮರಿಗೆ ಕಾಲರಿಂದ ಅರ್ಧ ಕಿಲೋ ಹೆಚ್ಚು ಬೇಕು. ಬರೇ ತೌಡು, ಗಂಜಿತಿಳಿ ಸಾಲದು. ಹಿಂಡಿ ಅಥವಾ ಮೀನಿನ ಪುಡಿ, ಖನಿಜ ಮಿಶ್ರಣ ಮತ್ತು ಸ್ವಲ್ಪ ಉಪ್ಪು ಸೇರಲಿ. ನೀರು ದಿನಕ್ಕೆ 20 ಲೀಟರಿಗೂ ಮೀರಿ ಬೇಕಾಗುತ್ತದೆ. ನೀರು ಕಡಿಮೆಯಾದರೆ ಹಾಲು ಇಳಿಯುತ್ತದೆ. ಯಾವ ಪುಡಿಯೂ ಆ ಕೊರತೆಯನ್ನು ತುಂಬದು.

ತಾಯಿಗೆ ಕಬ್ಬಿಣಾಂಶದ ಪುಡಿ ತಿನ್ನಿಸಿದರೆ ಹಾಲಿನಲ್ಲಿ ಕಬ್ಬಿಣ ಹೆಚ್ಚುವುದಿಲ್ಲ. ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಬೇಕು. ಹಾಲಿನಿಂದ ಸಿಗುವುದು ಸುಮಾರು 1 ಮಿಲಿಗ್ರಾಂ. ಮಣ್ಣು ಕೆದಕುವ ಮರಿಗೆ ಸ್ವಲ್ಪ ಮಣ್ಣಿನಿಂದಲೇ ಸಿಗುತ್ತದೆ, ಸಿಮೆಂಟು ನೆಲದ ಗೂಡಿನ ಮರಿಗೆ ಅದೂ ಇಲ್ಲ. ಅದಕ್ಕಾಗಿ ಹುಟ್ಟಿದ ಮೂರನೆಯ ದಿನದ ಸುಮಾರಿಗೆ 200 ಮಿಲಿಗ್ರಾಂ ಕಬ್ಬಿಣದ ಇಂಜೆಕ್ಷನ್ ಕೊಡಿಸಬೇಕು.

ಹಾಲು ಬಿಟ್ಟಾಗ ಬೇಧಿ ಏಕೆ? ಹಾಲಿನ ಸಕ್ಕರೆ ಮರಿಯ ಜಠರದಲ್ಲಿ ಹುಳಿಯಾಗಿ ಕೆಟ್ಟ ಕ್ರಿಮಿಗಳನ್ನು ತಡೆಯುತ್ತದೆ. ಎಳೆಯ ಮರಿಯ ಸ್ವಂತ ಜಠರದ ಹುಳಿ ಇನ್ನೂ ಕಡಿಮೆ. ಹಾಲು ನಿಂತೊಡನೆ ಈ ಕಾವಲು ತಪ್ಪುತ್ತದೆ. ಸಿಟ್ರಿಕ್, ಫ್ಯುಮಾರಿಕ್ ಮುಂತಾದ ಆಮ್ಲಗಳನ್ನು ಮೇವಿಗೆ ಸೇರಿಸುವುದು ಇದಕ್ಕಾಗಿಯೇ. ಪ್ರಮಾಣ ಸಾಮಾನ್ಯವಾಗಿ 100 ಕಿಲೋ ಮೇವಿಗೆ 1ರಿಂದ 2 ಕಿಲೋ. ಮೊಸರಿನಲ್ಲಿರುವಂಥ ಒಳ್ಳೆಯ ಸೂಕ್ಷ್ಮಜೀವಿಗಳ ಪುಡಿಯೂ ಸಿಗುತ್ತದೆ. ಅದನ್ನು ಬಿಸಿ ಗಂಜಿಗೆ ಹಾಕಬಾರದು. ಜೀವಿಗಳು ಸತ್ತರೆ ಪುಡಿಯಿಂದ ಪ್ರಯೋಜನವಿಲ್ಲ.

ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಒಂದು, ಸತುವಿನ ಪುಡಿ, ಅಂದರೆ ಜಿಂಕ್ ಆಕ್ಸೈಡ್. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಬೇಧಿ ನಿಲ್ಲುತ್ತದೆ, ನಿಜ. ಆದರೆ ಬಹುಪಾಲು ಸಗಣಿಯೊಂದಿಗೆ ಹೊರಬಂದು ಮಣ್ಣಿನಲ್ಲಿ ಉಳಿಯುತ್ತದೆ. ಐರೋಪ್ಯ ಒಕ್ಕೂಟವು 2022ರ ಜೂನ್‌ನಲ್ಲಿ ಇಂತಹ ಬಳಕೆಯನ್ನು ನಿಲ್ಲಿಸಿತು. ನಮ್ಮ ಹಂದಿಗೊಬ್ಬರ ಹೋಗುವುದು ತೆಂಗು, ಅಡಿಕೆಯ ಬುಡಕ್ಕೆ. ಖನಿಜ ಮಿಶ್ರಣದಲ್ಲಿರುವಷ್ಟು ಸತು ಸಾಕು.

ಇನ್ನೊಂದು, ಮರಿ ಬೇಗ ಬೆಳೆಯಲೆಂದು ದಿನವೂ ಬೆರೆಸುವ ಆಂಟಿಬಯೋಟಿಕ್. ಸ್ವಲ್ಪ ಸ್ವಲ್ಪವೇ ಕೊಟ್ಟರೆ ಕ್ರಿಮಿಗಳು ಔಷಧಿಗೆ ಒಗ್ಗಿಹೋಗುತ್ತವೆ. ನಾಳೆ ಮನೆಯ ಮಗುವಿಗೆ ಕಾಯಿಲೆ ಬಂದಾಗ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರಕಾರ 2019ರಲ್ಲಿ ನಿಷೇಧಿಸಿದೆ. ಚೀಟಿ ಓದದೆ ಪುಡಿ ಕೊಳ್ಳಬಾರದು. ರೋಗ ಬಂದರೆ ಪಶುವೈದ್ಯರು ಹೇಳಿದ ಔಷಧಿಯನ್ನು, ಹೇಳಿದಷ್ಟು ದಿನ ಕೊಡಬೇಕು.

ಖರ್ಚಿಲ್ಲದ ಉಪಾಯಗಳೂ ಇವೆ. ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಸಿರಿ. ಎರಡು ವಾರವಾದಾಗಿನಿಂದ ಮರಿಗಳಿಗೆ ಮಾತ್ರ ಎಟಕುವಂತೆ ಸ್ವಲ್ಪ ಒಳ್ಳೆಯ ಮೇವು ಇಡಿರಿ. ಹಾಲು ಬಿಡಿಸುವ ದಿನ ತಾಯಿಯನ್ನು ಬೇರೆಡೆಗೆ ಕಟ್ಟಿ, ಮರಿಗಳನ್ನು ಪರಿಚಯದ ಗೂಡಿನಲ್ಲೇ ಬಿಡಿರಿ. ಮೇವನ್ನು ಅಂದೇ ಬದಲಿಸಬೇಡಿರಿ. ಗೂಡು ಒಣಗಿರಲಿ, ಬೆಚ್ಚಗಿರಲಿ. ಇಷ್ಟು ನಡೆದರೆ ಪುಡಿಯ ಖರ್ಚು ತಾನಾಗಿ ಇಳಿಯುತ್ತದೆ.