ಸಂಕೋಚದ ಮಗುವಿಗೆ ಸ್ಕ್ಯಾನ್ ಬೇಕೇ?

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಪಟಪಟ ಮಾತಾಡುತ್ತಾಳೆ. ಅಂಗನವಾಡಿಗೆ ಸೇರಿದ ಹೊಸತರಲ್ಲಿ ಬಾಗಿಲು ಬಿಟ್ಟು ಒಳಗೇ ಹೋಗುತ್ತಿರಲಿಲ್ಲ. ಈಗೀಗ ಮಕ್ಕಳ ಜೊತೆ ಕೂರುತ್ತಾಳೆ. ದಿನದ ದಾರಿ ಬಿಟ್ಟು ಬೇರೆ ದಾರಿ ಹಿಡಿದರೆ ಅಳು, ಹಿರಿಯೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಗದಿದ್ದರೆ ರಂಪ. ಮನೆಯ ಹಿರಿಯರು ‘ಬುದ್ಧಿ ಮಂದ’ ಎನ್ನುತ್ತಿದ್ದಾರೆ. ಬೆಂಗಳೂರಿಗೆ ಹೋಗಿ ಮಿದುಳು ಸ್ಕ್ಯಾನ್ ಮಾಡಿಸಬೇಕೇ?
– ತಾಯಿಯೊಬ್ಬರು, ಜವನಗೊಂಡನಹಳ್ಳಿ

ಉತ್ತರ: ಬೇಡ. ನೀವು ಬರೆದಿರುವುದರಲ್ಲಿ ಕಾಯಿಲೆಯ ಸುಳಿವಿಲ್ಲ. ಅವಳೆದುರು ‘ಮಂದ’ ಎಂಬ ಮಾತು ಮಾತ್ರ ಯಾರೂ ಆಡದಂತೆ ನೋಡಿಕೊಳ್ಳಿ.

ಇದು ನಿಧಾನಕ್ಕೆ ಒಗ್ಗಿಕೊಳ್ಳುವ ಸ್ವಭಾವ. ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಿಂದ ಮಕ್ಕಳನ್ನು ಹಸುಗೂಸಿನಿಂದಲೇ ಗಮನಿಸುತ್ತ ಬಂದರು. ಅವರಲ್ಲಿ ಸುಮಾರು ಶೇ 15ರಷ್ಟು ಮಕ್ಕಳು ಹೀಗೇ ಇದ್ದರು.

ದಾರಿ ಬದಲಾದರೆ ಅಳುವುದರಲ್ಲಿ ವಯಸ್ಸಿನ ಪಾಲೂ ಇದೆ. ಒಂದು ಆಟ ಆಡಿಸಿ ನೋಡಿ. ಎರಡು ಡಬ್ಬಿ ತೆಗೆದುಕೊಂಡು ಒಂದಕ್ಕೆ ಕೆಂಪು ಬಸ್ಸಿನ ಚಿತ್ರ, ಇನ್ನೊಂದಕ್ಕೆ ನೀಲಿ ಕೋಳಿಯ ಚಿತ್ರ ಅಂಟಿಸಿ. ಹಳೆ ಲಗ್ನಪತ್ರಿಕೆ ಕತ್ತರಿಸಿ ಕೆಂಪು ಕೋಳಿ, ನೀಲಿ ಬಸ್ಸುಗಳನ್ನು ಬರೆದು ಅವಳ ಕೈಗೆ ಕೊಡಿ. ಮೊದಲು ಬಣ್ಣ ನೋಡಿ ಹಾಕಲಿ. ಐದಾರು ಚೀಟಿ ಆದ ಮೇಲೆ, ‘ಈಗ ಬಣ್ಣ ಬೇಡ, ಚಿತ್ರ ನೋಡಿ ಹಾಕು’ ಅನ್ನಿ. ಮೂರು ವರ್ಷದ ಎಷ್ಟೋ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿಯೇ ಹೇಳುತ್ತಾರೆ, ಕೈ ಮಾತ್ರ ಹಳೆ ಡಬ್ಬಿಗೇ ಹೋಗುತ್ತದೆ! ಅದು ಹಟವಲ್ಲ. ನಾಲ್ಕೈದು ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ಇದು ಒಲಿಯುತ್ತದೆ. ಹಣೆಯ ಹಿಂದಿರುವ ಮಿದುಳಿನ ಭಾಗ ಬಲಿಯುತ್ತ ಬಂದಂತೆ ಮನಸ್ಸು ಹೊರಳುವುದನ್ನು ಕಲಿಯುತ್ತದೆ. ಜಪಾನಿನ ಸಂಶೋಧಕರು ಮಕ್ಕಳ ತಲೆಗೆ ಬೆಳಕು ಹಾಯಿಸುವ ಸಾಧನ ತೊಡಿಸಿ ರಕ್ತಸಂಚಾರ ಅಳೆದಾಗ, ಈ ಆಟದಲ್ಲಿ ಗೆದ್ದ ಮಕ್ಕಳಲ್ಲಿ ಆ ಭಾಗ ಚುರುಕಾಗಿದ್ದುದು ಕಂಡಿತು.

ಹೊಸ ಜಾಗದಲ್ಲಿ ಅಂಜುವ ಮಗುವಿನ ಗಮನವೆಲ್ಲ ಅಂಜಿಕೆಗೇ ಹೋಗುತ್ತದೆ, ಹೊರಳಲು ಉಳಿಯುವುದು ಸ್ವಲ್ಪ. ಹಾಗಾಗಿ ಆಟ ಮನೆಯಲ್ಲೇ ಆಡಿಸಿ, ತಪ್ಪಿದರೆ ನಗಬೇಡಿ. ಅಂದಹಾಗೆ, ಇಂಥ ಅಧ್ಯಯನಗಳು ಹೇಳುವುದು ಗುಂಪಿನ ಸರಾಸರಿಯನ್ನು. ಒಂದು ಮಗುವಿನ ಸ್ವಭಾವ ಯಾವ ಸ್ಕ್ಯಾನಿನಲ್ಲೂ ಕಾಣದು. ಎಂಆರ್‌ಐ ಮಾಡಲು ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ನಿದ್ದೆ ಬರಿಸಬೇಕಾಗುತ್ತದೆ, ಕಾರಣವಿಲ್ಲದೆ ಅದೇಕೆ?

ದಾರಿ ಬದಲಾಗುವುದಿದ್ದರೆ ಹಿಂದಿನ ರಾತ್ರಿಯೇ ಹೇಳಿ. ಅಂಗನವಾಡಿಗೆ ಗಲಾಟೆ ಶುರುವಾಗುವ ಮುಂಚೆ ಕರೆದೊಯ್ಯಿರಿ. ಅಳುತ್ತಾಳೆಂದು ಮನೆಯಲ್ಲೇ ಇರಿಸಿಕೊಂಡರೆ ಅಂಜಿಕೆ ಬೇರೂರುತ್ತದೆ.

ಹೆಸರು ಕರೆದರೆ ತಿರುಗದಿರುವುದು, ಬರುತ್ತಿದ್ದ ಮಾತು ನಿಂತುಹೋಗುವುದು, ಅಂಗನವಾಡಿಯಲ್ಲಿ ತಿಂಗಳು ಕಳೆದರೂ ಒಂದೂ ಮಾತಾಡದಿರುವುದು – ಇವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡಬೇಡಿ. ಅಂಗನವಾಡಿಗೆ ತಪಾಸಣೆಗೆ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಆಗಲಿ. ಮನಸ್ಸಿಗೆ ಕಳವಳವಾದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.