ರೋಬೋ ನಿಂತರೆ ತಪ್ಪು ಯಾವ ಬ್ರಾಂಚಿನದು?

ರೋಬೋಕಾನ್ ಟೀಮ್ ಸೇರೋಕೆ ಬರುವ ಫಸ್ಟ್ ಇಯರ್‌ನವರು ನಮ್ಮನ್ನ ಕೇಳೋದು ಒಂದೇ: "ನಾನು ಮೆಕ್ಯಾನಿಕಲ್, ಕೋಡಿಂಗ್ ಬರಲ್ಲ, ನಡೆಯುತ್ತಾ?" ನಡೆಯುತ್ತೆ. ಆದರೆ ಪಕ್ಕದ ಬ್ರಾಂಚಿನ ಲೆಕ್ಕವೂ ಸ್ವಲ್ಪ ಗೊತ್ತಿರಬೇಕು. ಯಾಕೆ ಅಂತ ನೋಡೋಣ.

ರೋಬೋ ಹೊರಟ ಕ್ಷಣವೇ ಕಂಟ್ರೋಲರ್ ರೀಸೆಟ್ ಆಗುತ್ತೆ. ಕಂಪ್ಯೂಟರ್ ಸೈನ್ಸ್‌ನವರು ರಾತ್ರಿಯೆಲ್ಲಾ ಕೋಡ್‌ನಲ್ಲಿ ಬಗ್ ಹುಡುಕ್ತಾರೆ, ಪಾಪ. ಬಗ್ ಅಲ್ಲಿಲ್ಲ. ನಿಂತಿರುವ ಮೋಟಾರಿನಲ್ಲಿ ಬ್ಯಾಕ್ ಇಎಂಎಫ್ ಇರಲ್ಲ. ಕರೆಂಟನ್ನು ತಡೆಯೋದು ಬರೀ ವೈಂಡಿಂಗ್ ರೆಸಿಸ್ಟೆನ್ಸ್. ಮೋಟಾರಿಗೆ 0.6 ಓಮ್ ಅಂದ್ಕೊಳ್ಳಿ. ನಾಲ್ಕು ಪ್ಯಾರಲಲ್ ಆದರೆ 0.15. ಬ್ಯಾಟರಿ, ತೆಳು ವೈರ್ ಸೇರಿ ಇನ್ನೊಂದು 0.15. 12 ವೋಲ್ಟಿಗೆ 40 ಆಂಪಿಯರ್! ಅರ್ಧ ವೋಲ್ಟೇಜ್ ದಾರಿಯಲ್ಲೇ ಖರ್ಚಾಗಿ ಉಳಿಯೋದು 6. ಅದೇ ವೈರಿನಿಂದ ಸಪ್ಲೈ ತಗೊಳ್ಳೋ 7805 ರೆಗ್ಯುಲೇಟರ್ 5 ವೋಲ್ಟ್ ಕೊಡೋಕೆ ಸುಮಾರು 7 ಬೇಕು.

ಮದ್ದು ಮೂರೂ ಬ್ರಾಂಚಿನಲ್ಲಿದೆ. ಮೆಕ್ಯಾನಿಕಲ್‌ನವರು ಬ್ಯಾಟರಿಯನ್ನ ಮೋಟಾರ್ ಹತ್ತಿರ ಕೂರಿಸಿದರೆ ವೈರ್ ಗಿಡ್ಡವಾಗುತ್ತೆ. ಕೋಡ್‌ನಲ್ಲಿ ಪಿಡಬ್ಲ್ಯೂಎಂ ಅನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಬಹುದು. ನಮಗೆ ಇದೇ ಇಷ್ಟ, ಕಾಸು ಖರ್ಚಿಲ್ಲ. ಎಲೆಕ್ಟ್ರಾನಿಕ್ಸ್‌ನವರು ಕಂಟ್ರೋಲರ್‌ಗೆ ಬೇರೆ ಬ್ಯಾಟರಿ ಕೊಟ್ಟರೆ ಎರಡರ ಗ್ರೌಂಡ್ ಸೇರಿಸೋದು ಮರೀಬೇಡಿ, ಇಲ್ಲಾಂದ್ರೆ ಮೋಟಾರ್ ಡ್ರೈವರ್‌ಗೆ ಸಿಗ್ನಲ್ ಸರಿಯಾಗಿ ಮುಟ್ಟಲ್ಲ.